ಹಳೇ ಬೋಟಿಗೆ ಹೊಸ ಕಮಾನು

ಬೊರಿವಲಿ ಪಶ್ಚಿಮದಲ್ಲಿ ಗೊರಾಯಿ ಖಾಡಿಯ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ಹಳೆಯ ಕಟ್ಟಡ, ಎರಡನೇ ಮಾಳಿಗೆ. ಮೇ ತಿಂಗಳ ಭಾನುವಾರ. ಫ್ಯಾನು ತಿರುಗುತ್ತಿದೆ, ಗಾಳಿಯಿಲ್ಲ. ಇಳಿತದ ಹೊತ್ತಾದ್ದರಿಂದ ಕಿಟಕಿಯಿಂದ ಕೆಸರಿನ ವಾಸನೆ ಮಾತ್ರ ಧಾರಾಳವಾಗಿ ಬರುತ್ತಿದೆ. ಮನೆಯ ಹಿರಿಯರು ಮಲ್ಪೆ ಕಡೆಯವರು. ಹುಡುಗನಾಗಿ ಮುಂಬೈಗೆ ಬಂದು, ಹಗಲು ರೇ ರೋಡಿನ ದಾರುಖಾನಾದಲ್ಲಿ ಹಡಗಿನ ಗುಜರಿ, ಪೈಪು, ವೆಲ್ಡಿಂಗು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ, ಹೀಗೆ ಬದುಕು ಕಟ್ಟಿ ಈಗ ನಿವೃತ್ತರು. ಎದುರಿಗೆ ಕೂತವನು ಅವರ ತಮ್ಮನ ಮಗ. ಇಬ್ಬರು ಗೆಳೆಯರೊಂದಿಗೆ ಸೇರಿ ಅಮೆರಿಕದಲ್ಲಿ ತಯಾರಾದ ಹಳೆಯದೊಂದು ಫೈಬರ್ ಬೋಟನ್ನು ಮೂರನೆಯ ಕೈಯಿಂದ ಕೊಂಡಿದ್ದಾನೆ. ವಯಸ್ಸಿನಲ್ಲಿ ಬೋಟು ಅವನಿಗಿಂತ ಚಿಕ್ಕದೇನಲ್ಲ. ಅದರ ಮೇಲಿದ್ದ ಅಲ್ಯೂಮಿನಿಯಂ ಟವರು ಬುಡದಲ್ಲಿ ಬಿರುಕು ಬಿಟ್ಟಿದೆ. ಬದಲಿ ಬೇಕು, ಅಗ್ಗದಲ್ಲಿ ಬೇಕು. ನಾನು ನೆರೆಮನೆಯವನು, ಚಹಾಕ್ಕೆಂದು ಹೋಗಿದ್ದೆ.

ಹಿರಿಯರು: ಎಂತದು ಮಾರಾಯ ಈ ಫೋಟೋ? ಗಣಪತಿ ಮಂಟಪದ ಕಮಾನಿನ ಹಾಗೆ ಉಂಟು.

ಹುಡುಗ: ಟವರ್, ದೊಡ್ಡಪ್ಪ. ವೇಕ್‌ಬೋರ್ಡ್ ಟವರ್. ಬೋಟಿನ ಹಿಂದೆ ಹಗ್ಗ ಹಿಡಿದು, ಕಾಲಿಗೆ ಹಲಗೆ ಕಟ್ಟಿಕೊಂಡು ಹೋಗ್ತಾರಲ್ಲ, ಆ ಹಗ್ಗದ ಇನ್ನೊಂದು ತುದಿ ಇದಕ್ಕೆ.

ಹಿರಿಯರು: ಹಗ್ಗ ಕಟ್ಟಲಿಕ್ಕೆ ಹಿಂದೆ ಕೊಂಡಿ ಉಂಟಲ್ಲ? ನಾನೇ ನೋಡಿದ್ದೇನೆ, ಒಳ್ಳೆ ಗಟ್ಟಿ ಕೊಂಡಿ.

ಹುಡುಗ: ಕೊಂಡಿ ನೀರಿನ ಮಟ್ಟಕ್ಕೆ ಹತ್ತಿರ ಉಂಟು. ಅಲ್ಲಿಂದ ಎಳೆದರೆ ಹಗ್ಗ ಮನುಷ್ಯನನ್ನು ಕೆಳಕ್ಕೆ ಜಗ್ತದೆ. ಎರಡು ಮೀಟರ್ ಮೇಲಿಂದ ಎಳೆದರೆ ಎತ್ತಿ ಹಿಡಿದ ಹಾಗೆ. ಬೋಟು ಎಬ್ಬಿಸಿದ ಅಲೆಯ ತುದಿಯಿಂದ ಹಾರಬೇಕಾದರೆ ಆ ಎತ್ತರ ಬೇಕೇ ಬೇಕು. ಹಗ್ಗ ಕೂತವರ ತಲೆಗೆ ತಾಗುವುದಿಲ್ಲ, ಅದೊಂದು ಲಾಭ.

ಹಿರಿಯರು: ಈ ಆಟ ಶುರು ಮಾಡಿದವನಿಗೂ ಟವರ್ ಇತ್ತಾ?

ಹುಡುಗ: ಇರಲಿಲ್ಲ. 1922ರಲ್ಲಿ ಮಿನ್ನೆಸೋಟದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಅನ್ನುವ ಹದಿನೆಂಟರ ಹುಡುಗ ಎರಡು ಹಲಗೆಯ ತುದಿ ಬಗ್ಗಿಸಿ ನೀರಿನ ಮೇಲೆ ಜಾರಿದ. ಅದು ವಾಟರ್ ಸ್ಕೀ. ಒಂದೇ ಹಲಗೆಯದ್ದು ಬಂದದ್ದು 1985ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ಟೋನಿ ಫಿನ್ ಸ್ಕರ್ಫರ್ ಅಂತ ಮಾಡಿದ ಮೇಲೆ. ಆಮೇಲೆ ಹುಡುಗರಿಗೆ ಹಾರುವ ಹುಚ್ಚು ಹತ್ತಿತು. ಬೋಟಿನ ನಡುವಿನ ಗಿಡ್ಡ ಕಂಬ ಸಾಲಲಿಲ್ಲ, ಉದ್ದ ಕಂಬ ಹಾಕಿದರು. ಅದೂ ಸಾಲದೆ 1990ರ ದಶಕದ ಕೊನೆಗೆ ಈ ಕಮಾನು.

ಹಿರಿಯರು: ಅಂದರೆ ಮೊದಲು ಆಟ, ಆಮೇಲೆ ಕಬ್ಬಿಣ. ನಿನ್ನದು ತಿರುಗಾಮುರುಗ. ಮೊದಲು ಕಬ್ಬಿಣ.

ಹುಡುಗ: ಕಬ್ಬಿಣ ಅಲ್ಲ, ಅಲ್ಯೂಮಿನಿಯಂ. ನೋಡಿ, ಎಲ್ಲ ಬೋಟಿಗೂ ಹೊಂದುವ ಹಾಗೆ ಅಗಲ ಹೆಚ್ಚು ಕಡಿಮೆ ಮಾಡುವ ಕಿಟ್ ಬರ್ತದೆ. ಮಾನ್‌ಸ್ಟರ್ ಟವರ್ ಅಂತ ಒಂದು ಕಂಪನಿ, ಬೇರೆಯವರದ್ದೂ ಉಂಟು. ಡಬ್ಬ ಬಿಚ್ಚಿ ಬೋಲ್ಟು ಬಿಗಿದರೆ ಆಯ್ತು. ಸಾವಿರ ಡಾಲರಿನ ಆಸುಪಾಸು. ಸಾಗಣೆ ಬೇರೆ, ಸುಂಕ ಬೇರೆ.

ಹಿರಿಯರು: ಆ "ಬೇರೆ ಬೇರೆ" ಎಲ್ಲ ಒಟ್ಟು ಮಾಡಿದರೆ?

ಹುಡುಗ: ನನ್ನ ಲೆಕ್ಕಕ್ಕೆ 2 ಲಕ್ಷದ ಹತ್ತಿರ ಹೋಗ್ತದೆ.

ಹಿರಿಯರು: ಬೋಟಿಗೆ ಎಷ್ಟು ಕೊಟ್ಟಿರಿ?

ಹುಡುಗ ಉತ್ತರ ಕೊಡಲಿಲ್ಲ. ಬಿಸ್ಕತ್ತು ಚಹಾದಲ್ಲಿ ಅದ್ದಿದ. ಅದು ತುಂಡಾಗಿ ಲೋಟದೊಳಗೆ ಬಿತ್ತು.

ಹಿರಿಯರು: ನನಗೆ ಗುಲಾಲವಾಡಿಯಲ್ಲಿ ಇವತ್ತಿಗೂ ಗುರುತಿನವರು ಉಂಟು. 316 ಗ್ರೇಡಿನ ಸ್ಟೀಲ್ ಪೈಪ್ ತರಿಸ್ತೇನೆ. ಬಗ್ಗಿಸಲಿಕ್ಕೆ ಇಲ್ಲೇ ವಜೀರಾ ನಾಕಾದ ಹಿಂದೆ ಒಬ್ಬ ಇದ್ದಾನೆ. ವೆಲ್ಡಿಂಗ್ ನಾನು ಪಕ್ಕದಲ್ಲಿ ಕೂತು ಮಾಡಿಸ್ತೇನೆ. 60 ಸಾವಿರದೊಳಗೆ ನಿನ್ನ ಕಮಾನು ತಯಾರು.

ಹುಡುಗ: ಅವನು ಬಾಲ್ಕನಿ ರೇಲಿಂಗ್ ಮಾಡುವವ ದೊಡ್ಡಪ್ಪ!

ಹಿರಿಯರು: ರೇಲಿಂಗಿಗೆ ಒರಗಿ ಮಕ್ಕಳು ನಿಲ್ಲುವುದಿಲ್ಲವಾ? ಹತ್ತನೇ ಮಾಳಿಗೆಯಲ್ಲಿ?

ಹುಡುಗ: ರೇಲಿಂಗು ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಓಡುವುದಿಲ್ಲ. ಅದನ್ನು ಇಪ್ಪತ್ತು ಮೀಟರ್ ಹಗ್ಗದಲ್ಲಿ ಯಾರೂ ಜಗ್ಗುವುದೂ ಇಲ್ಲ. ಇನ್ನೊಂದು, ಆ ಅಂಗಡಿಯಲ್ಲಿ ಇರುವುದೆಲ್ಲ 202 ಪೈಪು. ಅಯಸ್ಕಾಂತ ಹಿಡಿದು ತೋರಿಸ್ತಾನೆ, "ನೋಡಿ ಸಾಬ್, ಹಿಡಿಯೋದಿಲ್ಲ, ಪ್ಯೂರ್ ಸ್ಟೀಲ್" ಅಂತ.

ಇಲ್ಲಿ ಹಿರಿಯರ ಮುಖ ಅರಳಿತು. ಹುಡುಗನಿಗೆ ಇಷ್ಟು ಗೊತ್ತಿರಬಹುದೆಂದು ಅವರು ಎಣಿಸಿರಲಿಲ್ಲವೆಂದು ಕಾಣುತ್ತದೆ.

ಹಿರಿಯರು: ಇದು ಮಾತು. 202, 304, 316, ಮೂರಕ್ಕೂ ಅಯಸ್ಕಾಂತ ಸಾಧಾರಣ ಅಂಟುವುದಿಲ್ಲ. 202ರಲ್ಲಿ ನಿಕ್ಕಲ್ ಉಳಿಸಲಿಕ್ಕೆ ಮ್ಯಾಂಗನೀಸ್ ಹಾಕಿರ್ತಾರೆ. ಬೊರಿವಲಿಯ ಬಾಲ್ಕನಿಗೆ ಅದು ನಡೀತದೆ, ಖಾಡಿಗೆ ನಡೆಯುವುದಿಲ್ಲ. 304 ಅಂದರೆ ಹದಿನೆಂಟು ಪಾಲು ಕ್ರೋಮ್, ಎಂಟು ಪಾಲು ನಿಕ್ಕಲ್. ನಮ್ಮ ಪಾತ್ರೆಯ ಸ್ಟೀಲು. ಉಪ್ಪುಗಾಳಿಗೆ ಅದರ ಮೇಲೆ ಕಂದು ಕಲೆ ಕೂರ್ತದೆ. ಇಂಗ್ಲಿಷಿನವರು ಅದಕ್ಕೆ ಚಹಾದ ಕಲೆ ಅಂತಲೇ ಹೆಸರಿಟ್ಟಿದ್ದಾರೆ. ನಿನ್ನ ಲೋಟದಲ್ಲಿ ಉಂಟಲ್ಲ, ಹಾಗೆ. 316ರಲ್ಲಿ ಎರಡರಿಂದ ಮೂರು ಪಾಲು ಮಾಲಿಬ್ಡಿನಮ್ ಹೆಚ್ಚು. ಅಷ್ಟೇ ವ್ಯತ್ಯಾಸ, ಆದರೆ ಸಮುದ್ರದ ಹತ್ತಿರ ಅಷ್ಟೇ ಎಲ್ಲ. ದಾರುಖಾನಾದಲ್ಲಿ ನಾವು ಒಂದು ಹನಿ ಔಷಧಿ ಹಾಕಿ, ಬ್ಯಾಟರಿ ತಾಗಿಸಿ, ಬಣ್ಣ ನೋಡಿ ಹೇಳ್ತಿದ್ದೆವು ಮಾಲಿಬ್ಡಿನಮ್ ಉಂಟೋ ಇಲ್ಲವೋ ಅಂತ. ಬಿಲ್ಲನ್ನು ನಂಬಿದವರು ಯಾರೂ ಅಲ್ಲಿ ಉಳಿದಿಲ್ಲ.

ಹುಡುಗ: ಆಯ್ತು, 316ನ್ನೇ ತಂದೆವು ಅಂತ ಇಟ್ಟುಕೊಳ್ಳಿ. ತೂಕ? ಎರಡೂವರೆ ಇಂಚಿನ ಪೈಪು, ಎರಡು ಮಿಲಿಮೀಟರ್ ದಪ್ಪ, ಮೀಟರಿಗೆ ಮೂರು ಕಿಲೋ ಬರ್ತದೆ. ಹದಿನಾಲ್ಕು ಮೀಟರ್ ಬೇಕು ಅಂದರೆ ನಲವತ್ತೆರಡು ಕಿಲೋ. ಅಲ್ಯೂಮಿನಿಯಂ ಆದರೆ ಮೂರು ಮಿಲಿಮೀಟರ್ ದಪ್ಪ ಹಾಕಿದರೂ ಇಪ್ಪತ್ತೆರಡು ಮೀರುವುದಿಲ್ಲ. ಇಪ್ಪತ್ತು ಕಿಲೋ ತಾನೇ ಅಂತ ನೀವು ಹೇಳಬಹುದು. ಆ ಇಪ್ಪತ್ತು ಕಿಲೋ ಇರುವುದು ತಲೆಯ ಮೇಲೆ.

ಹಿರಿಯರು: ಎತ್ತರದ ಭಾರದ ವಿಷಯ ನನಗೆ ಹೇಳಬೇಡ. ಮಲ್ಪೆಯಲ್ಲಿ ಟ್ರಾಲ್ ಬೋಟಿನಲ್ಲಿ ಹೋದವರನ್ನು ಕೇಳು. ಬಲೆ ಕಲ್ಲಿಗೆ ಸಿಕ್ಕಿಹಾಕಿಕೊಂಡಾಗ ರೋಪು ಮೇಲಿನ ಪುಲ್ಲಿಯಿಂದ ಅಡ್ಡ ಎಳೆದರೆ ಬೋಟು ಒಂದೇ ಸಲಕ್ಕೆ ವಾಲ್ತದೆ. ತಾಂಡೇಲ ಗೊತ್ತಿದ್ದವನಾದರೆ ಮೊದಲು ಇಂಜಿನ್ ಇಳಿಸ್ತಾನೆ. ಎಳೆತ ಎತ್ತರದಿಂದ ಬಂದಷ್ಟೂ ಬೋಟಿಗೆ ಕಷ್ಟ. ನಿನ್ನ ಹಲಗೆಯವನು ಬದಿಗೆ ಕತ್ತರಿಸಿಕೊಂಡು ಹೋಗುವಾಗ ಆಗುವುದೂ ಅದೇ, ಸಣ್ಣ ಪ್ರಮಾಣದಲ್ಲಿ.

ಹುಡುಗ: ಹಾಗಾದರೆ ನೀವು ನನ್ನ ಪಕ್ಷ. ಹಗುರ ಇದ್ದಷ್ಟೂ ಒಳ್ಳೆಯದು.

ಹಿರಿಯರು: ತಡಿ. ಈಗ ಬಿರುಕು ಬಿಟ್ಟದ್ದು ಯಾವುದು? ಅಲ್ಯೂಮಿನಿಯಮ್ಮೇ ಅಲ್ಲವಾ? ಎಲ್ಲಿ ಬಿಟ್ಟಿತು?

ಹುಡುಗ: ಬುಡದ ವೆಲ್ಡಿಂಗಿನ ಪಕ್ಕದಲ್ಲಿ.

ಹಿರಿಯರು: ವೆಲ್ಡಿಂಗಿನಲ್ಲಿ ಅಲ್ಲ, ಪಕ್ಕದಲ್ಲಿ. ಯಾಕೆ ಗೊತ್ತುಂಟಾ? ಆ ಪೈಪಿಗೆ ಗಟ್ಟಿತನ ಬರುವುದು ಕಾಯಿಸಿ ಹದ ಮಾಡಿದ್ದರಿಂದ. 6061 ಟಿ6 ಅಂತಾರೆ. ವೆಲ್ಡಿಂಗಿನ ಬಿಸಿ ತಾಗಿದ ಕಡೆ ಆ ಹದ ಹೋಗಿ, ಬಲ ಅರ್ಧದ ಹತ್ತಿರಕ್ಕೆ ಇಳೀತದೆ. ನೋಡಲಿಕ್ಕೆ ಏನೂ ಕಾಣುವುದಿಲ್ಲ. ಹೊಳೀತಾ ಇರ್ತದೆ. ಮತ್ತೆ ಅದಕ್ಕೆ ಸ್ಟೀಲಿನ ಬೋಲ್ಟು ಹಾಕಿ, ನಡುವೆ ಉಪ್ಪುನೀರು ಕೂತರೆ ಎರಡು ಲೋಹ ಸೇರಿ ಬ್ಯಾಟರಿ ಆಯಿತು. ಆ ಬ್ಯಾಟರಿಯಲ್ಲಿ ಸವೆಯುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಬಣ್ಣದ ಕೆಳಗೆ ಗುಳ್ಳೆ ಬರ್ತದೆ, ಒಡೆದರೆ ಒಳಗೆ ಬಿಳಿ ಹುಡಿ. ನಿನ್ನ ಟವರಿನ ಬುಡದಲ್ಲಿ ಇತ್ತಾ ಇಲ್ಲವಾ?

ಹುಡುಗ: ಇತ್ತು. ಆದರೆ ಅದು ಟವರಿನ ತಪ್ಪಲ್ಲ. ಮೊದಲಿನವರು ನೈಲಾನ್ ಬುಶ್ ಹಾಕದೆ, ನಡುವೆ ಜೆಲ್ ಹಚ್ಚದೆ ಕೂರಿಸಿದ್ದರು. ಈ ಬೋಟುಗಳು ಹುಟ್ಟಿದ್ದೇ ಸಿಹಿನೀರಿನ ಸರೋವರಕ್ಕೆ. ಉಪ್ಪುನೀರಿಗೆ ಇಳಿಸಿದ ಮೇಲೆ ದಿನಾ ಸಂಜೆ ನಲ್ಲಿನೀರಲ್ಲಿ ತೊಳೆಯಬೇಕಿತ್ತು.

ಹಿರಿಯರು: ಬೊರಿವಲಿಯಲ್ಲಿ ಮನುಷ್ಯರಿಗೆ ನಲ್ಲಿನೀರು ಬರುವುದು ಬೆಳಿಗ್ಗೆ ಎಷ್ಟು ಹೊತ್ತು ಅಂತ ನಿನ್ನ ದೊಡ್ಡಮ್ಮನನ್ನು ಕೇಳು.

ದೊಡ್ಡಮ್ಮ ಒಳಗಿಂದ ಕೇಳಿಸಿಕೊಂಡರು, ಉತ್ತರಿಸಲಿಲ್ಲ. ಪಾತ್ರೆಯ ಸದ್ದು ಸ್ವಲ್ಪ ಜೋರಾಯಿತು.

ಹುಡುಗ: ನಿಮ್ಮ ಎಲ್ಲ ಮಾತು ಒಪ್ಪಿದೆ. ಒಂದೇ ಪ್ರಶ್ನೆ. ನೀವು ಮಾಡಿಸಿದ ಕಮಾನು ಎಷ್ಟು ಭಾರ ತಡೀತದೆ ಅಂತ ಹೇಳುವವರು ಯಾರು? ಕಿಟ್ ಮಾಡುವವರು ಎಳೆದು ನೋಡಿರ್ತಾರೆ, ಇಷ್ಟು ಜನರನ್ನು ಎಳೆಯಬಹುದು, ಇಂಥದ್ದನ್ನು ಎಳೆಯಬಾರದು ಅಂತ ಬರೆದು ಕೊಡ್ತಾರೆ. ನಾಳೆ ಮಹಾರಾಷ್ಟ್ರ ಮೆರಿಟೈಮ್ ಬೋರ್ಡಿನ ಸರ್ವೇಯರ್ ಬಂದು ಇದೇನು ಅಂತ ಕೇಳಿದರೆ, ಕಾಗದ ತೋರಿಸಬಹುದು. ನಿಮ್ಮದಕ್ಕೆ ಏನು ತೋರಿಸಲಿ? "ದೊಡ್ಡಪ್ಪ ಪಕ್ಕದಲ್ಲಿ ಕೂತು ಮಾಡಿಸಿದ್ದು" ಅಂತಲಾ?

ಹಿರಿಯರು: ಚೈನ್ ಬ್ಲಾಕ್ ಕಟ್ಟಿ ಎಳೆದು ತೋರಿಸ್ತೇನೆ. ಮುನ್ನೂರು ಕಿಲೋ ಎಳೀತೇನೆ, ಬಗ್ಗಿತಾ ನೋಡು.

ಹುಡುಗ: ಒಂದು ಸಲ ಎಳೆಯುವುದು ಬೇರೆ. ಸಾವಿರ ಸಲ ಜಗ್ಗುವುದು ಬೇರೆ. ಬಿದ್ದವನು ಏಳ್ತಾನೆ, ಹಗ್ಗ ಸಡಿಲ ಆಗಿ ಮತ್ತೆ ಟಪ್ ಅಂತ ಬಿಗೀತದೆ. ಆ ಟಪ್‌ನಲ್ಲೇ ಬಿರುಕು ಬೆಳೆಯುವುದು. ನಿಮ್ಮ ಚೈನ್ ಬ್ಲಾಕಿಗೆ ಟಪ್ ಅನ್ನಲಿಕ್ಕೆ ಬರುವುದಿಲ್ಲ.

ಹಿರಿಯರು ಇದಕ್ಕೆ ತಕ್ಷಣ ಏನೂ ಹೇಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನೀರಿನ ಮಟ್ಟ ನೋಡಿದರು. ನನಗನ್ನಿಸಿದ್ದು, ಕೈಯಿಂದಲೇ ಬದುಕು ಕಟ್ಟಿದವರಿಗೆ ಈ ಪ್ರಶ್ನೆ ಸ್ವಲ್ಪ ಆಳಕ್ಕೆ ತಾಗುತ್ತದೆ. ಅವರ ಕೈಯಿಂದ ಹೋದ ಶಾಫ್ಟು, ಬ್ರಾಕೆಟ್ಟುಗಳು ಎಷ್ಟೋ ಬೋಟುಗಳಲ್ಲಿ ಇಂದಿಗೂ ಓಡುತ್ತಿರಬಹುದು. ಅವುಗಳಲ್ಲಿ ಒಂದಕ್ಕೂ ಕಾಗದವಿಲ್ಲ. ಮುರಿದವೂ ಇದ್ದಿರಬಹುದು, ಅವುಗಳಿಗೂ ಕಾಗದವಿಲ್ಲ.

ಹಿರಿಯರು: ಸರಿ. ನಿನ್ನ ಕಿಟ್ಟಿನವರು ಎಳೆದು ನೋಡಿದ್ದಾರೆ ಅಂದೆ. ಯಾವ ಬೋಟಿನ ಮೇಲೆ ಕೂರಿಸಿ?

ಹುಡುಗ: ಅದು... ಅವರ ಬೋಟಿನ ಮೇಲೆ ಇರಬೇಕು.

ಹಿರಿಯರು: ನಿನ್ನ ಬೋಟಿನ ಮೇಲೆ ಅಲ್ಲ. ಇಲ್ಲಿ ನೋಡು.

ಅವರು ಪೇಪರಿನ ಅಂಚಿನಲ್ಲಿ ಗೀಚಿದರು. ಒಂದು ಗೆರೆ ಬೋಟಿನ ಅಂಚು, ಅದರ ಮೇಲೆ ಕಮಾನಿನ ಎರಡು ಕಾಲು, ತುದಿಯಿಂದ ಹಿಂದಕ್ಕೆ ಒಂದು ಬಾಣ.

ಹಿರಿಯರು: ಎತ್ತರ ಎರಡು ಮೀಟರ್. ಒಂದೊಂದು ಬದಿಯಲ್ಲೂ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ ಒಂದು ಮೀಟರ್ ಅಂತರ. ಹಗ್ಗ ನೂರು ಕಿಲೋ ಎಳೀತದೆ ಅಂತ ಇಟ್ಟುಕೋ. ಕಮಾನು ಹಿಂದಕ್ಕೆ ಮಗುಚಲಿಕ್ಕೆ ನೋಡ್ತದೆ. ಹಿಂದಿನ ಕಾಲು ಡೆಕ್ಕನ್ನು ಒತ್ತುತ್ತದೆ, ಮುಂದಿನದು ಕಿತ್ತುಕೊಂಡು ಮೇಲೆ ಬರಲಿಕ್ಕೆ ನೋಡ್ತದೆ. ನೂರನ್ನು ಎರಡರಿಂದ ಗುಣಿಸು, ಒಂದರಿಂದ ಭಾಗಿಸು, ಇನ್ನೂರು. ಎಡಕ್ಕೆ ನೂರು, ಬಲಕ್ಕೆ ನೂರು. ಅಂದರೆ ಹಗ್ಗ ಎಷ್ಟು ಎಳೀತದೋ ಅಷ್ಟೇ ಭಾರದಲ್ಲಿ ಮುಂದಿನ ಒಂದೊಂದು ಪಾದವನ್ನೂ ಯಾರೋ ಕೀಳ್ತಾ ಇದ್ದಾರೆ. ಕಾಲಿನ ಅಂತರ ಅರ್ಧ ಮೀಟರ್ ಮಾಡಿದರೆ ಅದು ಇಮ್ಮಡಿ. ಈ ಲೆಕ್ಕ ರಾತ್ರಿಶಾಲೆಯಲ್ಲಿ ಕಲಿತದ್ದು. ಮೇಷ್ಟ್ರು ಕಬ್ಬಿಣದ ಸಲಾಕೆ ತಂದು ಕಲ್ಲು ಎಬ್ಬಿಸಿ ತೋರಿಸಿದ್ದರು.

ಹುಡುಗ: ಗೊತ್ತುಂಟು. ಅದಕ್ಕೇ ಕಿಟ್ಟಿನಲ್ಲಿ ಕಾಲು ಅಗಲ ಇಡಿ ಅಂತಾರೆ. ಕೆಳಗೆ ಬ್ಯಾಕಿಂಗ್ ಪ್ಲೇಟ್ ಕೊಡ್ತಾರೆ, ಬರೀ ವಾಷರ್ ಅಲ್ಲ.

ಹಿರಿಯರು: ಪ್ಲೇಟ್ ಒತ್ತುವುದು ಯಾವುದನ್ನು? ಫೈಬರನ್ನು. ಹಳೇ ಫೈಬರ್ ಬೋಟಿನ ಡೆಕ್ಕು ಎಷ್ಟೋ ಕಡೆ ಬರೀ ಫೈಬರ್ ಅಲ್ಲ ಮಾರಾಯ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಪ್ಲೈವುಡ್. ಹಳೇ ಟವರಿನ ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದಿರ್ತದೆ. ಸೀಲಂಟ್ ಒಣಗಿ ಬಿಟ್ಟುಕೊಂಡದ್ದು ಯಾರಿಗೂ ಕಾಣುವುದಿಲ್ಲ. ಒಳಗಿನ ಪ್ಲೈವುಡ್ ನೆನೆದು ಅವಲಕ್ಕಿ ಆಗಿರ್ತದೆ. ಮೇಲೆ ನೋಡಿದರೆ ಬಿಳಿ ಬಿಳಿ ಹೊಳಪು. ನೀನು 2 ಲಕ್ಷದ ಟವರ್ ಹಾಕು, ನಾನು 60 ಸಾವಿರದ್ದು ಹಾಕ್ತೇನೆ, ಎರಡೂ ಹೋಗಿ ಕೂರುವುದು ಆ ಅವಲಕ್ಕಿಯ ಮೇಲೆ.

ಹುಡುಗ: ಹಾಗಿದ್ದರೆ ಅಗ್ಗದ ಟವರ್ ಅನ್ನುವ ಪ್ರಶ್ನೆಯೇ ಇಲ್ಲ ಅಂತಲಾ?

ಹಿರಿಯರು: ನಾನು ಹಾಗೆ ಹೇಳಲಿಲ್ಲ. ದುಡ್ಡು ಎಲ್ಲಿ ಹಾಕ್ತಿ ಅಂತ ಕೇಳಿದೆ. ಆ ನಾಲ್ಕು ಪಾದದ ಕೆಳಗೆ ಡೆಕ್ಕು ಕೊಯ್ದು, ಕೊಳೆತದ್ದು ತೆಗೆದು, ಹೊಸ ಮರೈನ್ ಪ್ಲೈ ಕೂರಿಸಿ, ಎಪಾಕ್ಸಿ ಹೊಯ್ದು, ಒಣಗಿದ ಮೇಲೆ ಆ ಎಪಾಕ್ಸಿಯೊಳಗೇ ತೂತು ಕೊರೆದರೆ ಮುಂದೆ ಮರಕ್ಕೆ ನೀರು ತಾಗುವುದಿಲ್ಲ. ಕೆಳಗೆ ಆರು ಮಿಲಿಮೀಟರಿನ ಪ್ಲೇಟು, ಅಂಗೈಯಷ್ಟು ಅಗಲ. ಇದಕ್ಕೆ ಖರ್ಚು ಮಾಡು. ಮೇಲಿನದನ್ನು ಉಳಿದದ್ದರಲ್ಲಿ ನೋಡು.

ಹುಡುಗ: ಉಳಿದದ್ದರಲ್ಲಿ ನೋಡಿದರೆ ನಿಮ್ಮ ರೇಲಿಂಗಿನವನೇ ಗತಿ.

ಹಿರಿಯರು: ನಾನು ಹೇಳಿದ್ದು ಅದನ್ನೇ ಅಲ್ಲವಾ ಮೊದಲಿಂದ?

ಹುಡುಗ: ಅಲ್ಲ. ನೀವೀಗ ಡೆಕ್ಕಿನ ವಾದ ಗೆದ್ದು, ಆ ಗೆಲುವನ್ನು ಪೈಪಿಗೂ ಹಚ್ಚುತ್ತಿದ್ದೀರಿ. ಡೆಕ್ಕು ಸರಿ ಮಾಡಿದ ಮೇಲೂ ಪೈಪಿನ ಪ್ರಶ್ನೆ ಹಾಗೇ ಇರ್ತದೆ. ಮಡಚುವುದು ಹೇಗೆ? ಜೂನ್ 1ಕ್ಕೆ ಮೀನುಗಾರಿಕೆ ನಿಲ್ತದೆ, ನಮ್ಮದನ್ನೂ ಮೇಲೆ ಎಳೆದು ತಾಡಪಾಲ ಹೊದೆಸಬೇಕು. ಕಮಾನು ನಿಂತೇ ಇದ್ದರೆ ತಾಡಪಾಲ ಅಲ್ಲ, ಸರ್ಕಸ್ಸಿನ ಡೇರೆ ಬೇಕು. ಟ್ರೇಲರಿನಲ್ಲಿ ಸಾಗಿಸುವಾಗ ಬೊರಿವಲಿಯ ಕೇಬಲ್ಲು ವಯರುಗಳ ಕೆಳಗೆ ಹಾಯಿಸಬೇಕು. ಕಿಟ್ಟು ಮಡಚಿಕೊಳ್ತದೆ.

ಹಿರಿಯರು: ಕೀಲು ಇದ್ದಲ್ಲಿ ಸಡಿಲ ಇದ್ದದ್ದೇ. ಮೊದಲ ವರ್ಷ ಟಕ್ ಟಕ್, ಎರಡನೇ ವರ್ಷ ಗಡ ಗಡ.

ಹುಡುಗ: ಸಡಿಲ ಆದರೆ ಬುಶ್ ಬದಲಿಸಬಹುದು. ನಿಮ್ಮದನ್ನು ಗ್ರೈಂಡರ್ ಹಾಕಿ ಕೊಯ್ಯಬೇಕು.

ಹಿರಿಯರು: (ನಕ್ಕು) ಅದು ಹೌದು. ಸರಿ, ಇನ್ನೊಂದು ಹೇಳು. ಆ ಉದ್ದ ಕಂಬ ಅಂದೆಯಲ್ಲ, ಬೋಟಿನ ನಡುವೆ ನೆಡುವುದು, ತುದಿಯಿಂದ ಮೂತಿಗೆ ಒಂದು ಹಗ್ಗ ಬಿಗಿದು. ಅದಕ್ಕೆ ಈ ರಾಮಾಯಣ ಇಲ್ಲವಲ್ಲ? ಒಂದು ಕಂಬ, ಒಂದು ಹಗ್ಗ.

ಹುಡುಗ: ಅಗ್ಗ, ಒಪ್ಪಿದೆ. ನಮ್ಮ ಬೋಟಿನ ನಡುವೆ ಗಿಡ್ಡ ಕಂಬದ ಬುಡ ಕೂಡ ಉಂಟು. ಆದರೆ ಮುಂದಿನ ಸೀಟಿನವರ ಕುತ್ತಿಗೆಯ ಹತ್ತಿರ ಬಿಗಿದ ಹಗ್ಗ ಹಾದು ಹೋಗ್ತದೆ. ಕಲಿಯಲಿಕ್ಕೆ ಬರುವವರ ಜೊತೆ ಅವರ ಮಕ್ಕಳು, ಅಜ್ಜಿ ಎಲ್ಲ ಬಂದು ಕೂರ್ತಾರೆ ದೊಡ್ಡಪ್ಪ. ಅವರನ್ನೆಲ್ಲ ಆ ಹಗ್ಗದ ಪಕ್ಕ ಕೂರಿಸಲಿಕ್ಕೆ ನನಗೆ ಧೈರ್ಯ ಇಲ್ಲ.

ಹಿರಿಯರು: ಅಜ್ಜಿ ಬರುವುದು ಬನಾನಾ ರೈಡಿಗೆ. ನಿಜ ಹೇಳು, ಗೊರಾಯಿಯಲ್ಲಿ ದುಡ್ಡು ಹುಟ್ಟುವುದು ಯಾವುದರಲ್ಲಿ? ನಿನ್ನ ಹಾರುವ ಹಲಗೆಯಲ್ಲೋ, ಐದು ಜನ ಕೂತು ಕೊನೆಗೆ ನೀರಿಗೆ ಬೀಳುವ ಆ ಹಳದಿ ರಬ್ಬರಿನಲ್ಲೋ?

ಹುಡುಗ: ರಬ್ಬರಿನಲ್ಲಿ.

ಹಿರಿಯರು: ಹಾಗಾದರೆ ಅದನ್ನೇ ಟವರಿಗೆ ಕಟ್ಟು, ಬೇಗ ದುಡ್ಡು ವಸೂಲ್.

ಹುಡುಗ: ಕಟ್ಟಲೇಬಾರದು! ಇದೊಂದನ್ನು ಟವರ್ ಮಾಡುವವರು ದಪ್ಪ ಅಕ್ಷರದಲ್ಲಿ ಬರೀತಾರೆ. ಹಲಗೆಯವನು ನೀರಿನ ಮೇಲೆ ಜಾರ್ತಾನೆ. ಬಿದ್ದರೆ ಹಗ್ಗ ಕೈಬಿಡ್ತಾನೆ. ರಬ್ಬರು ಕೈಬಿಡುವುದಿಲ್ಲ. ಮೂತಿ ನೀರೊಳಗೆ ಹೊಕ್ಕರೆ ಐದು ಜನರ ಭಾರವೂ ನೀರಿನ ಭಾರವೂ ಒಟ್ಟಿಗೆ ಜಗ್ಗುತ್ತವೆ. ಅದನ್ನು ಹಿಂದಿನ ತಗ್ಗಿನ ಕೊಂಡಿಗೇ ಕಟ್ಟಬೇಕು.

ಹಿರಿಯರು: ಅಂದರೆ ಸಂಪಾದನೆ ಮಾಡುವುದು ಕೊಂಡಿ, ಕೂತು ಉಣ್ಣುವುದು ಟವರ್.

ಹುಡುಗ: ಹೀಗೆ ಲೆಕ್ಕ ಹಾಕಿದ್ದರೆ ನೀವು ಮಲ್ಪೆ ಬಿಟ್ಟು ಬರುತ್ತಲೇ ಇರಲಿಲ್ಲ. ಎಲ್ಲದಕ್ಕೂ ಮೊದಲ ದಿನವೇ ವಸೂಲ್ ಆಗಬೇಕಾ? ವಾರಾಂತ್ಯಕ್ಕೆ ನಾಲ್ಕು ಹುಡುಗರು ಕಲಿಯಲಿಕ್ಕೆ ಬಂದರೆ ಸಾಕು. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಪವರ್‌ಬೋಟ್ ನಡೆಸುವುದಕ್ಕೂ ಜೀವರಕ್ಷಣೆಗೂ ತರಬೇತಿ ಕೊಡ್ತಾರೆ, ನನ್ನ ಪಾಲುದಾರ ಅಲ್ಲಿಗೆ ಹೋಗುವವನಿದ್ದಾನೆ. ನಾವು ಬರೀ ರಬ್ಬರು ಎಳೆಯುವವರಾಗಿ ಉಳಿಯಬಾರದು.

ಹಿರಿಯರು: ಎಲ್ಲಿ ಕಲಿಸ್ತಿ? ಈ ಖಾಡಿಯಲ್ಲಾ? ಅಮಾವಾಸ್ಯೆ ಹುಣ್ಣಿಮೆಗೆ ಇಲ್ಲಿ ನೀರು ನಾಲ್ಕು ಮೀಟರಿನಷ್ಟು ಏರಿ ಇಳೀತದೆ. ಈಗ ಕಿಟಕಿಯಲ್ಲಿ ಇಣುಕು, ಕೆಸರು. ನಿನ್ನ ಬೋಟಿನ ಅಲೆ ಹೋಗಿ ಕಾಂಡ್ಲಾ ಗಿಡಗಳ ಬುಡಕ್ಕೆ ಬಡೀತದೆ. ಆ ಗಿಡಗಳನ್ನು ಮುಟ್ಟಬಾರದು ಅಂತ ಹೈಕೋರ್ಟು 2005ರಲ್ಲೇ ಹೇಳಿದೆ, 2018ರಲ್ಲಿ ಮತ್ತೆ ಹೇಳಿದೆ.

ಹುಡುಗ: ಖಾಡಿಯ ಬಾಯಿಯ ಹೊರಗೆ. ಉಬ್ಬರದ ಹೊತ್ತಿಗೆ, ಬೆಳಿಗ್ಗೆ ಗಾಳಿ ಏಳುವ ಮೊದಲು.

ಹಿರಿಯರು: ಆಗ ನಿನಗೆ ದಿನಕ್ಕೆ ಸಿಗುವುದು ಎರಡು ಗಂಟೆ.

ಹುಡುಗ: ಎರಡು ಸಾಕು.

ಆಗ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಒಳಗಿಂದ ಎಲ್ಲವನ್ನೂ ಕೇಳಿದ್ದರೆಂದು ಮೊದಲ ಮಾತಿನಲ್ಲೇ ತಿಳಿಯಿತು.

ದೊಡ್ಡಮ್ಮ: ಇಬ್ಬರೂ ಪೈಪಿನ ವಿಷಯ ಮಾತಾಡಿದ್ದಾಯಿತು. ಆ ಪೈಪು ಮುರಿದರೆ ಯಾರ ತಲೆಯ ಮೇಲೆ ಬೀಳ್ತದೆ?

ಹುಡುಗ: ಮುರಿಯುವುದಿಲ್ಲ ದೊಡ್ಡಮ್ಮ.

ದೊಡ್ಡಮ್ಮ: ಮುರಿಯುವುದಿಲ್ಲ ಅಂತಲೇ ಎಲ್ಲರೂ ಹತ್ತುವುದು. 2024ರ ಡಿಸೆಂಬರ್ 18ಕ್ಕೆ ಎಲಿಫೆಂಟಾಕ್ಕೆ ಹೊರಟ ಬೋಟಿನಲ್ಲಿ ಕೂತವರಿಗೂ ಏನೂ ಆಗುವುದಿಲ್ಲ ಅಂತಲೇ ಇತ್ತು. ಸ್ಪೀಡ್‌ಬೋಟು ಬಂದು ಬಡಿದದ್ದು ಟಿವಿಯಲ್ಲಿ ನೋಡಿ ಆ ರಾತ್ರಿ ನಾನು ಊಟ ಮಾಡಲಿಲ್ಲ. ಜಾಕೆಟ್ಟು ಎಷ್ಟು ಉಂಟು ನಿನ್ನ ಹತ್ತಿರ?

ಹುಡುಗ: ಎಂಟು.

ದೊಡ್ಡಮ್ಮ: ಹೊಸದಾ?

ಹುಡುಗ: ನಾಲ್ಕು ಹೊಸತು. ನಾಲ್ಕು ಬೋಟಿನ ಜೊತೆ ಬಂದದ್ದು.

ದೊಡ್ಡಮ್ಮ: ಬೋಟಿನ ಜೊತೆ ಬಂದ ಟವರು ಮುರಿದಿದೆ. ಬೋಟಿನ ಜೊತೆ ಬಂದ ಜಾಕೆಟ್ಟು ಗಟ್ಟಿ ಇರ್ತದಾ?

ಇಷ್ಟು ಹೇಳಿ ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತು ಫ್ಯಾನಿನ ಸದ್ದೊಂದೇ ಉಳಿಯಿತು. ಮತ್ತೆ ಮಾತು ತೆಗೆದವನು ಹುಡುಗ. ದನಿ ಮೊದಲಿನಷ್ಟು ಏರಿರಲಿಲ್ಲ.

ಹುಡುಗ: ನೀವು ಕೂತು ಮಾಡಿಸಿದರೆ, ಮಡಚುವ ಕೀಲು ಮಾತ್ರ ಹೊರಗಿಂದ ತರಿಸಬಹುದಾ? ಬಿಡಿಯಾಗಿ ಸಿಗ್ತದೆ.

ಹಿರಿಯರು: ತರಿಸಬಹುದು. ಆದರೆ ನೀನು ಹೇಳಿದ್ದು ಸರಿ, ಆ ಟಪ್‌ನ ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ಪೈಪು ದಪ್ಪ ಮಾಡಬಹುದು, ಕಾಲು ಅಗಲ ಇಡಬಹುದು. ದಪ್ಪ ಮಾಡಿದರೆ ಮತ್ತೆ ತೂಕ.

ಹುಡುಗ: ನನ್ನ ಕಿಟ್ಟು ಬಂದರೆ ನೀವು ಕೂರಿಸಿಕೊಡ್ತೀರಾ?

ಹಿರಿಯರು: ಕಿಟ್ಟು ಬರುವ ಮೊದಲು ಅಳತೆ ತೆಗೆದಿದ್ದಿಯಾ? ಪಾದ ಕೂರುವ ಜಾಗದಲ್ಲಿ ಬದಿಯಿಂದ ಬದಿಗೆ ಎಷ್ಟು? ಅಂಚು ಎಷ್ಟು ಓರೆ? ಗಾಜಿನ ಎತ್ತರ ಎಷ್ಟು? ಕೆಳಗಿಂದ ನಟ್ಟು ಬಿಗಿಯಲಿಕ್ಕೆ ಕೈ ಹೋಗ್ತದಾ?

ಹುಡುಗ: ಅಗಲ ತೆಗೆದಿದ್ದೇನೆ. ಉಳಿದದ್ದು...

ಹಿರಿಯರು: ನಡಿ.

ಮೂವರೂ ಇಳಿದೆವು. ಜೆಟ್ಟಿಯ ಕಡೆಯ ರಸ್ತೆಯಲ್ಲಿ ಭಾನುವಾರದ ಜನ. ಗೊರಾಯಿಗೆ ಫೆರಿ ಹಿಡಿಯುವವರು, ಪಗೋಡಾಕ್ಕೆ ಹೋಗುವವರು, ಬುಟ್ಟಿಯಲ್ಲಿ ಬೊಂಬಿಲು ಮೀನು ಇಟ್ಟುಕೊಂಡ ಕೋಲಿ ಸಮುದಾಯದ ಹೆಂಗಸರು. ಸ್ವಲ್ಪ ಆಚೆ ಒಂದು ಗೋಡೆಯ ಮರೆಯಲ್ಲಿ ಟ್ರೇಲರಿನ ಮೇಲೆ ಬೋಟು ಕೂತಿತ್ತು. ಮೂತಿಯ ಹೊಳಪು ಇನ್ನೂ ಹಾಗೇ ಇತ್ತು. ಬಿಚ್ಚಿದ ಹಳೆಯ ಟವರು ನೆಲದ ಮೇಲೆ ಅಡ್ಡ ಬಿದ್ದಿತ್ತು, ಅದರ ಮೇಲೆ ಯಾರೋ ಟವೆಲು ಒಣಗಿಸಿದ್ದರು.

ಹಿರಿಯರು ಚಪ್ಪಲಿ ಕಳಚಿ ಹತ್ತಿದರು. ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದು, ಡೆಕ್ಕಿನ ಮೇಲೆ ಮೂತಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಡಿಯುತ್ತ ಬಂದರು. ಟಿಣ್, ಟಿಣ್, ಟಿಣ್. ಎಡಗಡೆಯ ಹಳೆಯ ಬೋಲ್ಟಿನ ತೂತುಗಳ ಸುತ್ತ ಹಾಗೇ ಟಿಣ್. ಬಲಗಡೆಯ ಮುಂದಿನ ಪಾದದ ಹತ್ತಿರ ಬಂದಾಗ ಕೈ ನಿಂತಿತು.

ಹಿರಿಯರು: ಕೇಳಿತಾ? ಇಲ್ಲಿ ದಪ್.

ಹುಡುಗ: ಅದೇ ಸದ್ದು.

ಹಿರಿಯರು: ಅದೇ ಅಲ್ಲ. ಇದು ಟಿಣ್. ಇದು ದಪ್.

ಹುಡುಗ: ನನಗೆ ಎರಡೂ ಟಿಣ್ ಅಂತಲೇ ಕೇಳ್ತದೆ. ಕೆಳಗೆ ಸೀಟಿನ ಸ್ಪಂಜು ಉಂಟು, ಅದಕ್ಕೆ ಸ್ವಲ್ಪ ಮೆತ್ತಗೆ.

ಹಿರಿಯರು ನನ್ನ ಮುಖ ನೋಡಿದರು. ನನಗೆ ಒಂದು ಕಡೆ ದಪ್ ಎಂದೂ, ಮರುಕ್ಷಣ ಟಿಣ್ ಎಂದೂ ಕೇಳಿತ್ತು. ಬೆನ್ನ ಹಿಂದೆ ಫೆರಿಯ ಇಂಜಿನ್ ಶುರುವಾಗಿ ಅದೂ ಅಳಿಸಿಹೋಯಿತು.

ಹಿರಿಯರು: ಫೆರಿ ಹೋಗಲಿ. ಸ್ಪಂಜು ತೆಗಿ, ಇನ್ನೊಮ್ಮೆ ಬಡಿಯುವ.

ಹುಡುಗ ಸೀಟಿನ ಸ್ಕ್ರೂ ಬಿಚ್ಚಲಿಕ್ಕೆ ಕೂತ. ನಾಲ್ಕರಲ್ಲಿ ಮೂರು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದು ತಿರುಗಲೊಲ್ಲದು. ಹಿರಿಯರು ಕನ್ನಡಕ ಏರಿಸಿ ಬಗ್ಗಿ ಅದರ ತಲೆ ನೋಡಿದರು.

ಹಿರಿಯರು: 202.